ಲೋಲಾ ಮತ್ತು ಕಾಪಿ ಚೀಟಿ

ಫಿಲಿಪೀನ್ಸ್‌ನ ನಾಗಾದಲ್ಲಿ ನಮ್ಮ ಮನೆ ಓನರ್ ಅಜ್ಜಿಯನ್ನು ಎಲ್ಲರೂ ಲೋಲಾ ಅಂತಾರೆ, ನಾನೂ ಅಷ್ಟೇ. 2025ರ ಮೇ 12ಕ್ಕೆ ವೋಟ್ ಹಾಕಿ ಬಂದು ಬಲಗೈ ತೋರುಬೆರಳಿನ ಶಾಯಿ ತೋರಿಸಿದ್ದರು. ನಮ್ಮಲ್ಲಿ ಎಡಗೈ, ಇಲ್ಲಿ ಬಲ. ಸೆನೆಟರ್‌ಗಳೇ 12 ಜನ, ಮೇಯರ್, ಕೌನ್ಸಿಲರ್ ಬೇರೆ! ಉದ್ದನೆಯ ಬ್ಯಾಲೆಟ್‌ನಲ್ಲಿ ಪುಟ್ಟ ಪುಟ್ಟ ಮೊಟ್ಟೆಯಾಕಾರ ತುಂಬಬೇಕು. ಹೆಸರು ಮರೆಯದಿರಲಿ ಅಂತ ಬರೆದೊಯ್ಯುವ ಚೀಟಿಗೆ 'ಕೋಡಿಗೊ' ಅಂತಾರೆ. ಪರೀಕ್ಷೆಯ ಕಾಪಿ ಚೀಟಿಗೂ ಅದೇ ಹೆಸರು, ನಗು ಬಂತು.

ಸೆಪ್ಟೆಂಬರ್‌ನ ಮೂರನೇ ಶನಿವಾರ ಅದೇ ಕೈಯಲ್ಲಿ ಜಪಮಾಲೆ. ಪೆನ್ಯಾಫ್ರಾನ್ಸಿಯಾ ಮಾತೆ, ಅಂದರೆ ಇಲ್ಲಿನ ಮೇರಿ ಮಾತೆ, ಇವರಿಗೆ ಬರೀ 'ಇನಾ', ಅಂದರೆ ಅಮ್ಮ. ಬರಿಗಾಲ ಗಂಡಸರು 'ವೀವಾ ಲಾ ವಿರ್ಹೆನ್' (ಕನ್ಯೆ ಮೇರಿಗೆ ಜಯವಾಗಲಿ) ಅಂತ ಕೂಗುತ್ತಾ ಅವಳ ಮೂರ್ತಿಯನ್ನು ನದಿಯಲ್ಲಿ ಕರೆತರುವಾಗ ದಡದ ತುಂಬ ಕರವಸ್ತ್ರ, ಮೇಣದಬತ್ತಿ. ನನಗೆ ನಮ್ಮೂರ ತೇರಿನ ಹಗ್ಗ ನೆನಪಾಯಿತು. ವೋಟಿನ ಸಾಲಿನಲ್ಲಿ ಗೊಣಗಿದ ಮುಖಗಳೇ ಇಲ್ಲಿ ಗಂಟೆಗಟ್ಟಲೆ ಬಿಸಿಲಲ್ಲಿ ನಿಂತಿದ್ದವು. ಇನಾ ಭಾಷಣ ಮಾಡಲ್ಲ, ಅದಕ್ಕೇ ಇರಬೇಕು.

ಸೇತುವೆ ಮೇಲಿಂದ ನೋಡೋಣ ಅಂದೆ. ಲೋಲಾ ಒಪ್ಪಲಿಲ್ಲ. 1972ರಲ್ಲಿ ಇದೇ ಮೆರವಣಿಗೆಯ ಹೊತ್ತಿಗೆ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಜನ ಹೋದರು. ದಡದಲ್ಲೇ ಕೊಡೆ ಬಿಚ್ಚಿ ನಿಂತೆವು.