ಬಾಣಂತಿಯ ಕೋಣೆಯವರೆಗೆ ಬರುವ ಆಶಾ ಕಾರ್ಯಕರ್ತೆ

ಕಡಿಮೆ ತೂಕದ ಕೂಸನ್ನು ಉಳಿಸಿಕೊಳ್ಳುವ ಕೆಲಸ ಆಸ್ಪತ್ರೆಯಲ್ಲಿ ಶುರುವಾಗುತ್ತದೆಯೇ ಹೊರತು ಅಲ್ಲಿಗೇ ಮುಗಿಯುವುದಿಲ್ಲ. ಎರಡು ಕಿಲೋಗಿಂತ ಕಡಿಮೆ ತೂಕದ ಶಿಶುಗಳಿಗೆ ಕಾಂಗರೂ ತಾಯಿ ಆರೈಕೆಯನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ತಲುಪಿಸುವುದು ಹೇಗೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಧ್ಯಯನ ಮಾಡಿದ ಕೆಲವೇ ಪ್ರದೇಶಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಈ ಆರೈಕೆಯ ರೀತಿಯಲ್ಲಿ, ಮಧ್ಯೆ ಬಟ್ಟೆಯಿಲ್ಲದೆ ಕೂಸನ್ನು ಎದೆಗೆ ಹಚ್ಚಿಕೊಂಡು, ಎದೆಹಾಲನ್ನಷ್ಟೇ ಕುಡಿಸುತ್ತ, ದಿನಕ್ಕೆ ಕನಿಷ್ಠ ಎಂಟು ತಾಸು ಕಳೆಯುವುದನ್ನು ನರ್ಸ್ ಕಲಿಸಿ ಕಳಿಸಬಹುದು; ಆದರೆ ಮನೆಯಲ್ಲಿ ಅದು ವಾರಗಟ್ಟಲೆ ನಡೆಯಬೇಕು.

ನನ್ನ ತಂಗಿ ಬಾಣಂತನಕ್ಕೆಂದು ಕುಷ್ಟಗಿ ತಾಲ್ಲೂಕಿನ ನಮ್ಮೂರಿಗೆ ಬಂದಾಗ, ಡಾಕ್ಟರ್ ಬೇಡವೆಂದಿದ್ದರೂ ನಮ್ಮವ್ವ ಕೂಸಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯಲು ಸಿದ್ಧಳಾಗಿದ್ದಳು. ಊರಿನ ಆಶಾ ಕಾರ್ಯಕರ್ತೆ ಬಂದು, ತೂಗುಚೀಲದಲ್ಲಿ ಕೂಸನ್ನು ತೂಗಿ, ಮುಳ್ಳು ನಿಂತ ಗೆರೆಯನ್ನು ಅವ್ವನಿಗೇ ತೋರಿಸಿದರು. "ಯವ್ವಾ, ತೂಕ ಏರೂತನಕ ಎರಿಯೂದು ಬ್ಯಾಡ್ರಿ. ನಿಮ್ಮ ಮಗಳು ಉಂಡು ಮಲಗೂತನಕ ಕೂಸಿನ್ನ ನೀವ ಎದಿಗೆ ಹಚ್ಚಿಕೋರಿ" ಎಂದರು. ಬೇಡವೆಂದು ಹೇಳಿ ಸುಮ್ಮನಾಗದೆ ಅವ್ವನಿಗೂ ಒಂದು ಕೆಲಸ ಕೊಟ್ಟಿದ್ದರಿಂದ ಅವ್ವ ಒಪ್ಪಿದಳು. ಯಾರ ಮಾತು ಯಾವ ಮನೆಯಲ್ಲಿ ನಡೆಯುತ್ತದೆ ಎಂಬ ಈ ತಿಳಿವಳಿಕೆಯನ್ನು ಹೊರಗಿನಿಂದ ಬಂದವರು ಒಂದೆರಡು ಭೇಟಿಯಲ್ಲಿ ಗಳಿಸಲಾರರು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ, ಸುಮಾರು ಸಾವಿರ ಜನಸಂಖ್ಯೆಗೆ ಅದೇ ಊರಿನ ಒಬ್ಬ ಮಹಿಳೆಯನ್ನು ಆಶಾ ಕಾರ್ಯಕರ್ತೆಯಾಗಿ ಆರಿಸಬೇಕೆಂದು ನಿಯಮ ಮಾಡಿದ್ದು ಈ ಕಾರಣಕ್ಕೇ ಸರಿಯಾಗಿತ್ತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬರಬೇಕು. ಯಾರು ಗುಳೆ ಹೋಗಿದ್ದಾರೆ, ಯಾರ ಕೂಸಿಗೆ ಲಸಿಕೆ ತಪ್ಪಿದೆ, ಕ್ಷಯದ ಮಾತ್ರೆಯನ್ನು ಯಾರು ನಡುವೆಯೇ ಬಿಟ್ಟಿದ್ದಾರೆ ಎಂಬುದೂ ಅವರಿಗೆ ಗೊತ್ತಿರುತ್ತದೆ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯ ನಾಯಕತ್ವ ಪ್ರಶಸ್ತಿಯಿಂದ ಗೌರವಿಸಿತು. ಅಂಥವರೇ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕೂತು, ತಿಂಗಳಿಗೆ 15,000 ರೂಪಾಯಿ ಕೇಳಬೇಕಾಯಿತು. ಆರೋಗ್ಯ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ದಾಖಲಾಗದ ಕೆಲಸಕ್ಕೆ ಹಣ ಬರುತ್ತಿಲ್ಲ ಎಂಬುದು ಅವರ ಹಳೆಯ ದೂರು. ಅವ್ವನನ್ನು ಒಪ್ಪಿಸಲು ಹಿಡಿದ ಆ ಒಂದು ತಾಸನ್ನು ದಾಖಲಿಸುವ ಕಾಲಂ ಯಾವ ಪೋರ್ಟಲ್‌ನಲ್ಲೂ ಇರಲಾರದು. ಆದ್ದರಿಂದ ಕೆಲಸಕ್ಕಿಷ್ಟು ಎಂದು ಎಣಿಸಿ ಕೊಡುವ ಪ್ರೋತ್ಸಾಹಧನವನ್ನು ನೆಚ್ಚಿಕೊಳ್ಳುವಂತೆ ಮಾಡದೆ, ಅವರಿಗೆ ನಿಗದಿತ ಮಾಸಿಕ ವೇತನವನ್ನೇ ಕೊಡಬೇಕು.