ಲ್ಯಾಪ್‌ಟಾಪ್ ಬ್ಯಾಗ್ ತಗೊಳೋ ಮುಂಚೆ ಒಂದ್ಸಲ ತೂಕ ಹಾಕಿ ನೋಡಿ: ಐಟಿ ಸಪೋರ್ಟ್ ಡೆಸ್ಕ್‌ನಲ್ಲಿ ಕೂತು ಕಲಿತಿದ್ದು

ನಾನು ಬೆಂಗಳೂರಿನ ಒಂದು ಕಂಪನಿಲಿ ಐಟಿ ಸಪೋರ್ಟ್ ಟೀಮ್‌ನಲ್ಲಿದೀನಿ. ಹೊಸದಾಗಿ ಸೇರೋರಿಗೆ ಲ್ಯಾಪ್‌ಟಾಪ್ ಕೊಡೋದು, ಬಿಟ್ಟು ಹೋಗೋರಿಂದ ವಾಪಸ್ ತಗೊಳೋದು, ಮಧ್ಯದಲ್ಲಿ ಕೆಟ್ಟಿದ್ದನ್ನ ರಿಪೇರಿಗೆ ಕಳಿಸೋದು, ಇದೇ ಕೆಲಸ. ಸ್ಕ್ರೀನ್ ಒಡೆದಿದೆ, ಮೂಲೆ ಜಜ್ಜಿದೆ, ಕೀಬೋರ್ಡ್ ಒಳಗೆ ನೀರು ಹೋಗಿದೆ ಅಂತ ಬರೋ ಟಿಕೆಟ್‌ಗಳನ್ನ, ಅಂದ್ರೆ ದೂರುಗಳನ್ನ, ನೋಡ್ತಾ ನೋಡ್ತಾ ಒಂದು ವಿಷಯ ಪಕ್ಕಾ ಆಗಿದೆ ನಂಗೆ, ಟೇಬಲ್ ಮೇಲಿಂದ ಬಿದ್ದು ಹಾಳಾಗೋ ಲ್ಯಾಪ್‌ಟಾಪ್‌ಗಿಂತ ಬ್ಯಾಗ್ ಒಳಗೇ ಹಾಳಾಗೋದು ಜಾಸ್ತಿ. ಲ್ಯಾಪ್‌ಟಾಪ್ ಏನೋ ಹೋಗ್ಲಿ, ಬೇರೆ ಕೊಡ್ತೀವಿ. ಅದನ್ನ ಹೊತ್ತೋರ ಕತ್ತು ಬೆನ್ನಿಗೆ ಬೇರೆ ಪೀಸ್ ಕೊಡೋಕಾಗಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಬ್ಯಾಗ್ ತಗೋಬೇಕು ಅಂದ್ರೆ ಎಲ್ರೂ ಮೊದಲು ನೋಡೋದು ಎಷ್ಟು ಲೀಟರ್, ಎಷ್ಟು ಪಾಕೆಟ್, ಯುಎಸ್‌ಬಿ ಪೋರ್ಟ್ ಇದ್ಯಾ ಅಂತ. ಅದಕ್ಕೂ ಮುಂಚೆ ನೀವು ದಿನಾ ಏನೇನು ಹೊರ್ತೀರ ಅದನ್ನೆಲ್ಲ ಒಂದು ಕವರಿಗೆ ಹಾಕಿ ತೂಕ ನೋಡಿ. ಫ್ಲೈಟಿಗೆ ಹೋಗೋರು ಸೂಟ್‌ಕೇಸ್ ತೂಗೋಕೆ ಇಟ್ಕೊಂಡಿರ್ತಾರಲ್ಲ, ಕೈಯಲ್ಲಿ ಎತ್ತಿ ಹಿಡಿಯೋ ಡಿಜಿಟಲ್ ತಕ್ಕಡಿ, ಅದೊಂದು ನಮ್ಮ ಡೆಸ್ಕ್‌ನಲ್ಲಿದೆ, ಬೆನ್ನು ನೋವು ಅಂತ ಬಂದೋರ ಬ್ಯಾಗನ್ನ ಅದಕ್ಕೆ ನೇತು ಹಾಕಿ ತೋರಿಸ್ತೀನಿ. ಲೆಕ್ಕ ಹೆಚ್ಚು ಕಮ್ಮಿ ಹೀಗಿರತ್ತೆ: 15.6 ಇಂಚಿನ ಲ್ಯಾಪ್‌ಟಾಪ್ ಸುಮಾರು 2 ಕೆಜಿ, ವೈರ್ ಸಮೇತ ಚಾರ್ಜರ್ 300-400 ಗ್ರಾಂ, ಒಂದು ಲೀಟರ್ ನೀರು ಅಂದ್ರೇನೇ 1 ಕೆಜಿ ಅದರ ಮೇಲೆ ಸ್ಟೀಲ್ ಬಾಟಲ್ ತೂಕ, ಊಟದ ಡಬ್ಬಿ ಮುಕ್ಕಾಲು ಕೆಜಿ, ಪವರ್ ಬ್ಯಾಂಕ್, ಛತ್ರಿ, ಕೊನೆಗೆ ಖಾಲಿ ಬ್ಯಾಗೇ ಒಂದು ಕೆಜಿ. ಎಲ್ಲ ಸೇರಿ 6 ಕೆಜಿ ಆರಾಮಾಗಿ ದಾಟತ್ತೆ. 2019ರಲ್ಲಿ ಕರ್ನಾಟಕ ಸರ್ಕಾರ ಸ್ಕೂಲ್ ಮಕ್ಕಳ ಬ್ಯಾಗಿಗೆ ಮಿತಿ ಹಾಕ್ತಲ್ಲ, 1-2ನೇ ಕ್ಲಾಸಿಗೆ 1.5ರಿಂದ 2 ಕೆಜಿ, 9-10ನೇ ಕ್ಲಾಸಿಗೆ 4ರಿಂದ 5 ಕೆಜಿ, ಮಗುವಿನ ತೂಕದಲ್ಲಿ ನೂರಕ್ಕೆ ಹತ್ತು ಭಾಗ ಮೀರಬಾರದು ಅಂತ. ದೊಡ್ಡೋರಿಗೆ ಯಾರೂ ಆದೇಶ ಮಾಡಿಲ್ಲ, ಆದ್ರೆ 50-55 ಕೆಜಿ ಇರೋ ನಮ್ಮ ಎಷ್ಟೋ ಹೆಣ್ಮಕ್ಕಳು ಮಕ್ಕಳಿಗೆ ಹಾಕಿದ ಆ ಲೆಕ್ಕವನ್ನೂ ಮೀರಿ ದಿನಾ ಹೊರ್ತಾ ಇದಾರೆ.

ಹಾಗಾಗಿ ನನ್ನ ಮೊದಲನೇ ಸಲಹೆ ಬ್ಯಾಗ್ ಬಗ್ಗೆ ಅಲ್ಲವೇ ಅಲ್ಲ. ಆಫೀಸಲ್ಲಿ ಇನ್ನೊಂದು ಚಾರ್ಜರ್ ಕೇಳಿ ತಗೊಂಡು ಡ್ರಾಯರ್‌ನಲ್ಲಿಡಿ, ತುಂಬಾ ಕಡೆ ಕೇಳಿದ್ರೆ ಕೊಡ್ತಾರೆ, ಜನ ಕೇಳೋದೇ ಇಲ್ಲ ಅಷ್ಟೇ. ಬಾಟಲ್ ಖಾಲಿ ತಂದು ಆಫೀಸಲ್ಲಿ ತುಂಬಿಸ್ಕೊಳ್ಳಿ, ದಾರಿಗೆ ಬೇಕು ಅಂದ್ರೆ ಅರ್ಧ ಲೀಟರ್ ಸಾಕು. ಇಷ್ಟರಲ್ಲೇ ಒಂದು, ಒಂದೂಕಾಲು ಕೆಜಿ ಇಳಿಯತ್ತೆ, ಯಾವ ದುಬಾರಿ ಬ್ಯಾಗೂ ಅಷ್ಟು ತೂಕ ಇಳಿಸಲ್ಲ.

ಇನ್ನು ಬ್ಯಾಗಿನ ವಿಷಯಕ್ಕೆ ಬರೋಣ. ಆರಾಮು ಅನ್ನೋದು ಕುಶನ್‌ನಲ್ಲಿದೆ ಅಂತ ಜನ ಅಂದ್ಕೊಂಡಿರ್ತಾರೆ, ಆದ್ರೆ ಬಹಳಷ್ಟು ಇರೋದು ತೂಕ ಎಲ್ಲಿ ಕೂರತ್ತೆ ಅನ್ನೋದ್ರಲ್ಲಿ. ಭಾರವಾದ ವಸ್ತು ಬೆನ್ನಿಗೆ ಅಂಟಿಕೊಂಡಿದ್ರೆ ಭುಜಕ್ಕೆ ಬರೋದು ಅದರ ತೂಕ ಮಾತ್ರ. ಅದೇ ವಸ್ತು ಬೆನ್ನಿಂದ ದೂರ ಹೋದಷ್ಟೂ ನಿಮ್ಮನ್ನ ಹಿಂದಕ್ಕೆ ಎಳೆಯತ್ತೆ, ಅದನ್ನ ಸರಿದೂಗಿಸೋಕೆ ನೀವು ಗೊತ್ತಿಲ್ದೆ ಮುಂದಕ್ಕೆ ಬಗ್ಗಿ ಕತ್ತು ಚಾಚ್ತೀರ, ಸಂಜೆ ಕತ್ತಿನ ಬುಡ ನೋಯೋದು ಅದರಿಂದಾನೇ. ಅದಕ್ಕೆ ಲ್ಯಾಪ್‌ಟಾಪ್ ಜಾಗ ಬೆನ್ನಿನ ಪಕ್ಕಾನೇ ಇರೋ ಬ್ಯಾಗೇ ಬೇಕು, ಮುಂದಿನ ಪಾಕೆಟ್‌ನಲ್ಲಿ ಲ್ಯಾಪ್‌ಟಾಪ್ ಇಡೋ ಡಿಸೈನ್ ನೋಡೋಕೆ ಎಷ್ಟೇ ಸ್ಟೈಲಾಗಿದ್ರೂ ಬೇಡ. ಹೊತ್ತಾಗ ಬ್ಯಾಗಿನ ಮೇಲ್ಭಾಗ ಭುಜದ ಮಟ್ಟಕ್ಕೆ ಇರ್ಲಿ, ತಳ ಸೊಂಟಕ್ಕಿಂತ ಎರಡು ಮೂರು ಇಂಚಿಗಿಂತ ಕೆಳಗೆ ಇಳೀಬಾರ್ದು. ಹುಡುಗರು ಪಟ್ಟಿ ಪೂರ್ತಿ ಸಡಿಲ ಬಿಟ್ಟು ಹಿಂದೆ ತೊಡೆಗೆ ಬಡಿಯೋ ಹಾಗೆ ಹಾಕ್ಕೊಂಡು ಓಡಾಡ್ತಾರೆ, ಒಂದೇ ಒಂದು ದಿನ ಬಿಗಿ ಮಾಡ್ಕೊಂಡು ನಡೆದು ನೋಡಿ, ಅದೇ ಬ್ಯಾಗ್ ಹಗುರ ಆದಂಗನ್ಸತ್ತೆ.

ಲ್ಯಾಪ್‌ಟಾಪ್ ಜಾಗದ ತಳ ಕೈ ಹಾಕಿ ಮುಟ್ಟಿ ನೋಡಿ. ಒಳ್ಳೆ ಬ್ಯಾಗ್‌ನಲ್ಲಿ ಆ ಜಾಗ ಬ್ಯಾಗಿನ ತಳಕ್ಕಿಂತ ಒಂದಿಂಚಾದ್ರೂ ಮೇಲೇ ನಿಂತಿರತ್ತೆ, ತೊಟ್ಟಿಲ ಥರ ತೂಗಾಡ್ತಿರತ್ತೆ. ಇಲ್ದಿದ್ರೆ ನೀವು ಆಫೀಸಿಗೆ ಬಂದು ಉಸ್ಸಪ್ಪಾ ಅಂತ ಬ್ಯಾಗನ್ನ ನೆಲಕ್ಕೆ ಇಟ್ಟಾಗೆಲ್ಲ ಲ್ಯಾಪ್‌ಟಾಪ್ ಮೂಲೆ ನೇರ ನೆಲಕ್ಕೆ ಕುಟ್ಟತ್ತೆ. ನಮ್ಮ ಹತ್ರ ಬರೋ ಜಜ್ಜಿದ ಮೂಲೆಗಳ ಕಥೆ ಇಷ್ಟೇ. ಒಡೆದ ಸ್ಕ್ರೀನ್ ಕಥೆ ಬೇರೆ, ಲ್ಯಾಪ್‌ಟಾಪ್ ಮುಚ್ಚಳಕ್ಕೆ ಎದುರಾಗಿ ಚಾರ್ಜರ್ ಇಟ್ಟೋ ಬಾಟಲ್ ಇಟ್ಟೋ ಬ್ಯಾಗ್ ತುಂಬಿಸಿ, ಬಸ್ಸಲ್ಲಿ ಯಾರೋ ಒತ್ತಿದಾಗ ಅದೇ ಜಾಗದಲ್ಲಿ ಒತ್ತಡ ಬಿದ್ದು ಒಳಗಿಂದ ಬಿರುಕು ಬಿಡತ್ತೆ, ಹೊರಗಡೆ ಒಂದು ಗೀರೂ ಇರಲ್ಲ. ಲ್ಯಾಪ್‌ಟಾಪ್‌ನ ಮುಚ್ಚಳದ ಕಡೆ ನಿಮ್ಮ ಬೆನ್ನಿಗೆ ಬರೋ ಹಾಗೆ ಇಟ್ರೆ ಈ ತೊಂದರೆ ಎಷ್ಟೋ ಕಮ್ಮಿ.

ಸೈಜ್ ವಿಷಯದಲ್ಲಿ ಲೇಬಲ್ ನಂಬ್ಕೊಂಡು ಕೂರಬೇಡಿ. 15.6 ಇಂಚು ಅನ್ನೋದು ಸ್ಕ್ರೀನಿನ ಮೂಲೆಯಿಂದ ಮೂಲೆಗೆ ಅಳತೆ, ಬಾಡಿ ಅಳತೆ ಬೇರೆ, ಸುಮಾರು 36 ಸೆಂ.ಮೀ. ಉದ್ದ 24 ಸೆಂ.ಮೀ. ಅಗಲ ಬರತ್ತೆ. 14 ಇಂಚಿಂದು 32ಕ್ಕೆ 22 ಆಸುಪಾಸು. ಈಗಿನ 16 ಇಂಚಿನ ಮ್ಯಾಕ್‌ಬುಕ್ ಪ್ರೋ ಉದ್ದದಲ್ಲಿ ಹಳೇ 15.6ರಷ್ಟೇ ಇದ್ರೂ ಅಗಲದಲ್ಲಿ ಸ್ವಲ್ಪ ಜಾಸ್ತಿ, ತೂಕಾನೂ 2.1 ಕೆಜಿ ಮೇಲೆ, ಅದೇ 13 ಇಂಚಿನ ಮ್ಯಾಕ್‌ಬುಕ್ ಏರ್ 1.24 ಕೆಜಿ, ಇವೆರಡಕ್ಕೂ ಒಂದೇ ಬ್ಯಾಗ್ ಸಾಕು ಅನ್ನೋದು ತಪ್ಪು. ಚಿಕ್ಕ ಲ್ಯಾಪ್‌ಟಾಪ್‌ನ ದೊಡ್ಡ ಜಾಗದಲ್ಲಿ ಇಟ್ರೆ ನಡೆಯುವಾಗ ಅತ್ತಿತ್ತ ಹೊರಳಾಡತ್ತೆ. ಟೇಪ್ ತಗೊಂಡು ಅಳೀರಿ, ಇಲ್ಲಾ ಲ್ಯಾಪ್‌ಟಾಪನ್ನೇ ಅಂಗಡಿಗೆ ತಗೊಂಡು ಹೋಗಿ. ನಾನಂತೂ ಎಲ್ರಿಗೂ ಹೇಳೋದು ಅದನ್ನೇ, ಡಬ್ಬಿ ಬಾಟಲ್ ಸಮೇತ ತಗೊಂಡು ಹೋಗಿ, ಅಲ್ಲೇ ತುಂಬಿಸಿ, ಹೊತ್ಕೊಂಡು ಹತ್ತು ನಿಮಿಷ ಓಡಾಡಿ, ಮೆಟ್ಟಿಲು ಹತ್ತಿ ಇಳೀರಿ. ಖಾಲಿ ಬ್ಯಾಗ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ರೆ ಎಲ್ಲ ಬ್ಯಾಗೂ ಆರಾಮೇ.

ಭುಜದ ಪಟ್ಟಿ ಎರಡೂವರೆಯಿಂದ ಮೂರು ಇಂಚು ಅಗಲ ಇದ್ರೆ ಒಳ್ಳೇದು. ಒಳಗಿನ ಫೋಮನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಹಿಚುಕಿ, ಎರಡು ಬೆರಳೂ ಒಂದಕ್ಕೊಂದು ಸಿಕ್ಬಿಟ್ರೆ ಆ ಫೋಮ್ ಕೆಲವೇ ತಿಂಗಳಲ್ಲಿ ಚಪ್ಪಟೆ ಆಗತ್ತೆ. ತುಂಬಾ ಮೆತ್ತಗಿದೆ ಅಂತ ಖುಷಿ ಪಡ್ಬೇಡಿ, ಸ್ವಲ್ಪ ಗಟ್ಟಿ ಫೋಮೇ ಬಾಳಿಕೆ ಬರೋದು. ಒಂದೇ ಭುಜಕ್ಕೆ ನೇತು ಹಾಕೋ ಅಭ್ಯಾಸ ದಯವಿಟ್ಟು ಬಿಡಿ. ಪಟ್ಟಿ ಒತ್ತಿ ಒತ್ತಿ ಭುಜದ ನರಕ್ಕೆ ಪೆಟ್ಟಾಗಿ ತೋಳಿನ ಶಕ್ತಿ ಕುಗ್ಗೋದಕ್ಕೆ ಡಾಕ್ಟರುಗಳು ರಕ್‌ಸ್ಯಾಕ್ ಪಾಲ್ಸಿ ಅಂತ ಹೆಸರೇ ಇಟ್ಟಿದಾರೆ, ಅದು ಹೆಚ್ಚಾಗಿ ಸೈನಿಕರು ಚಾರಣಿಗರಿಗೆ ಬರೋದು ನಿಜ, ನಮ್ಮ ತೂಕ ಅಷ್ಟಿಲ್ಲ, ಆದ್ರೂ ಬೆರಳು ಜುಂ ಅನ್ನೋದು ದಿನಾ ಆಗ್ತಿದ್ರೆ ಬ್ಯಾಗ್ ಬದಲಾಯಿಸ್ತಾ ಕೂರ್ದೆ ಮೊದಲು ಡಾಕ್ಟರಿಗೆ ತೋರಿಸಿ.

ನೀವು ಹೇಗೆ ಓಡಾಡ್ತೀರ ಅನ್ನೋದ್ರ ಮೇಲೆ ಬ್ಯಾಗ್ ಬದಲಾಗ್ಬೇಕು, ಇದನ್ನ ನಾನು ನಮ್ಮ ಪರ್ಚೇಸ್ ಟೀಮ್ ಜೊತೆ ಕೂತು ಕಲಿತಿದ್ದು. ಹೊಸಬರಿಗೆ ಕೊಡೋ ಬ್ಯಾಗಿಗೆ ಸ್ಯಾಂಪಲ್‌ಗಳು ಬಂದಾಗ ಮೀಟಿಂಗ್ ರೂಮಲ್ಲಿ ಟೇಬಲ್ ಮೇಲೆ ಸಾಲಾಗಿಟ್ಟು ಲೋಗೋ ಎಲ್ಲಿ ಬರ್ಬೇಕು ಅಂತ ಚರ್ಚೆ ನಡೀತಿತ್ತು. ನಮ್ಮ ಮೇಡಂ ಒಬ್ರು, ತುಮಕೂರಿಂದ ದಿನಾ ಟ್ರೈನಲ್ಲಿ ಬರೋರು, "ಇದನ್ನ ನಂಗೆ ಒಂದು ವಾರ ಕೊಡಿ ಸಾರ್, ಆಮೇಲೆ ಲೋಗೋ ಬಗ್ಗೆ ಮಾತಾಡೋಣ" ಅಂದ್ರು. ಅದು ಚೆನ್ನಾಗಿದೆ ಅನ್ನಿಸಿ ಒಂದೊಂದನ್ನ ಒಂದೊಂದು ಥರ ಓಡಾಡೋರಿಗೆ ಕೊಟ್ವಿ. ಮೇಡಂ ವಾಪಸ್ ತಂದು ಹೇಳಿದ್ದು, ಟ್ರೈನಲ್ಲಿ ಮೇಲಿನ ರ‍್ಯಾಕಲ್ಲಿ ಇಟ್ರೆ ಅದರ ಮೇಲೆ ಬೇರೆಯೋರ ಬ್ಯಾಗ್ ಬೀಳತ್ತೆ, ಅದಕ್ಕೆ ಮುಂಭಾಗ ಸ್ವಲ್ಪ ಗಟ್ಟಿ ಇರ್ಬೇಕು, ಮತ್ತೆ ಕೊಕ್ಕೆಗೆ ನೇತು ಹಾಕೋಕೆ ಮೇಲಿನ ಹಿಡಿಕೆ ಹೊಲಿಗೆ ಬಲವಾಗಿರ್ಬೇಕು ಅಂತ. ಪಟ್ಟಿಯ ಒಳಗಿನ ಒರಟು ಜಾಲರಿ ಬಟ್ಟೆ ಕಾಟನ್ ಸೀರೆಯ ಭುಜದ ಹತ್ರ ದಾರ ಎಬ್ಬಿಸತ್ತೆ, ವೆಲ್ಕ್ರೋ ಇದ್ರೆ ದುಪಟ್ಟಾ ಸಿಕ್ಕಾಕೊಳತ್ತೆ ಅಂತಾನೂ ಅವ್ರೇ ಹೇಳಿದ್ದು. ಆ ಮೀಟಿಂಗ್‌ನಲ್ಲಿದ್ದ ಗಂಡಸರು ಯಾರಿಗೂ ಈ ಎರಡು ಮಾತು ಹೊಳೆದಿರ್ಲಿಲ್ಲ.

ಮೆಟ್ರೋದಲ್ಲಿ ಬರೋರ ಕಷ್ಟ ಇನ್ನೊಂದು. 2023ರ ಅಕ್ಟೋಬರ್‌ನಲ್ಲಿ ಪರ್ಪಲ್ ಲೈನ್ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಪೂರ್ತಿ ಓಡೋಕೆ ಶುರುವಾದ ಮೇಲೆ, 2025ರ ಆಗಸ್ಟ್‌ನಲ್ಲಿ ಆರ್‌ವಿ ರೋಡ್‌ನಿಂದ ಬೊಮ್ಮಸಂದ್ರಕ್ಕೆ ಯೆಲ್ಲೋ ಲೈನ್ ಬಂದ ಮೇಲೆ ನಮ್ಮಲ್ಲಿ ಬಸ್ ಬಿಟ್ಟು ಮೆಟ್ರೋಗೆ ಬಂದೋರು ತುಂಬಾ ಜನ. ಮೆಜೆಸ್ಟಿಕ್‌ನಲ್ಲಿ ಬೆಳಿಗ್ಗೆ ಲೈನ್ ಬದಲಾಯಿಸೋರಿಗೆ ಗೊತ್ತು, ಬೆನ್ನ ಮೇಲೆ ಉಬ್ಬಿದ ಬ್ಯಾಗ್ ಇದ್ರೆ ಹಿಂದಿನೋರಿಗೂ ಹಿಂಸೆ ನಮ್ಮ ಲ್ಯಾಪ್‌ಟಾಪ್‌ಗೂ ಹಿಂಸೆ. ಮುಂದಕ್ಕೆ ಹಾಕ್ಕೋಬೇಕು, ಅದಕ್ಕೆ ಬ್ಯಾಗ್ ತೆಳ್ಳಗಿರ್ಬೇಕು, 20 ಲೀಟರ್ ಒಳಗಿಂದು ಸಾಕು. ಒಳಗೆ ಹೋಗುವಾಗ ಎಕ್ಸ್‌ರೇ ಮೆಷಿನ್ ಬೆಲ್ಟ್ ಮೇಲೆ ಬ್ಯಾಗ್ ಹಾಕ್ಬೇಕಲ್ಲ, ಆಗ ತೆರೆದ ಪಾಕೆಟ್‌ನಲ್ಲಿರೋ ಬಾಟಲ್, ಇಯರ್‌ಫೋನ್ ಜಾರಿ ಬೀಳತ್ತೆ, ಹಾಗಾಗಿ ಜಿಪ್ಪಿರೋ ಒಂದು ಹೊರ ಪಾಕೆಟ್ ತುಂಬಾ ಉಪಯೋಗ.

ಟೂ ವೀಲರ್‌ನೋರು ಬ್ಯಾಗಿನ ತಳ ಹಿಂದಿನ ಸೀಟಿನ ಮೇಲೆ ಕೂರೋ ಹಾಗೆ ಪಟ್ಟಿ ಹೊಂದಿಸ್ಕೊಂಡ್ರೆ ಅರ್ಧ ತೂಕ ಸೀಟೇ ಹೊರತ್ತೆ, ಇಳಿದ ಮೇಲೆ ಮತ್ತೆ ಬಿಗಿ ಮಾಡ್ಕೊಳ್ಳಿ. ಉದ್ದ ನೇತಾಡೋ ಪಟ್ಟಿ ತುದಿಗಳನ್ನ ಮಡಚಿ ಸಿಗಿಸಿ, ಗಾಳಿಗೆ ಹಾರಿ ಚಕ್ರದ ಕಡೆ ಹೋದ್ರೆ ಅಪಾಯ. ಎದೆ ಮೇಲೆ ಹಾಕೋ ಚಿಕ್ಕ ಪಟ್ಟಿ ಇದ್ರೆ ಬ್ಯಾಗ್ ಅಲ್ಲಾಡಲ್ಲ. ಸ್ಕೂಟರಿನ ಕಾಲಿಡೋ ಜಾಗದಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಇಟ್ಕೊಂಡು ಬರೋದು ಬೇಡ, ನಮ್ಮ ರೋಡಿನ ಗುಂಡಿ, ಹಂಪು ಎಲ್ಲ ನೇರ ಅದಕ್ಕೇ ಹೋಗತ್ತೆ.

ಮಳೆ. ರೈನ್ ಕವರ್ ಇದ್ರೆ ಸಾಕು ಅಂತ ತುಂಬಾ ಜನ ನಂಬಿದಾರೆ, ಆದ್ರೆ ಕವರ್ ಮುಚ್ಚೋದು ಹೊರಗಿನ ಮುಖ ಮಾತ್ರ. ಗಾಡಿ ಮೇಲೆ ಹೋಗುವಾಗ ಕತ್ತಿಂದ ಇಳಿದ ನೀರು ಬೆನ್ನಿಗೂ ಬ್ಯಾಗಿಗೂ ಮಧ್ಯೆ ಹರಿದು ಬೆನ್ನಿನ ಕಡೆಯಿಂದ ಒಳಗೆ ಹೋಗತ್ತೆ, ಅಲ್ಲೇ ಲ್ಯಾಪ್‌ಟಾಪ್ ಇರೋದು! ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಸಂಜೆ ಮಳೆ ಹಿಡಿದ್ರೆ ಮಾರನೇ ದಿನ ನಮ್ಮ ಡೆಸ್ಕ್‌ಗೆ ಟಿಕೆಟ್ ಗ್ಯಾರಂಟಿ. ಲ್ಯಾಪ್‌ಟಾಪನ್ನ ಒಂದು ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಮಡಚಿ ಇಡಿ, ಮೇಲೆ ರೈನ್ ಕವರ್ ಇರ್ಲಿ, ಎರಡೂ ಇದ್ರೇನೇ ಸರಿ. ಊಟದ ಡಬ್ಬಿಗೆ ಬೇರೆ ಸಣ್ಣ ಚೀಲಾನೇ ಒಳ್ಳೇದು, ನೀರಿಗಿಂತ ಸಾರು ಮಜ್ಜಿಗೆ ಕೆಟ್ಟದು, ಉಪ್ಪು ಹುಳಿ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಇಳಿದ್ರೆ ಒಣಗಿದ ಮೇಲೂ ತಿಂತಾನೇ ಹೋಗತ್ತೆ.

ಬಟ್ಟೆ ಬಗ್ಗೆ ಅಂಗಡಿಯೋರು 600 ಡಿ, 1000 ಡಿ, 1680 ಡಿ ಅಂತಾರೆ. ಡಿ ಅಂದ್ರೆ ಡೆನಿಯರ್, 9000 ಮೀಟರ್ ನೂಲು ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ, ಅಂಕಿ ಜಾಸ್ತಿ ಆದಷ್ಟೂ ನೂಲು ದಪ್ಪ, ಬ್ಯಾಗೂ ಭಾರ. ದಿನದ ಆಫೀಸಿಗೆ 600 ಡಿ ಪಾಲಿಯೆಸ್ಟರ್ ಸಾಕು, 1680 ಬೇಕು ಅಂತ ಹಟ ಬೇಡ. ನೀರು ತಡೆಯೋಕೆ ಬಟ್ಟೆಯ ಒಳಗೆ ಬಳಿದಿರೋ ಪಿಯು (ಪಾಲಿಯುರಥೇನ್) ಕೋಟಿಂಗ್ ತೇವಕ್ಕೆ ಅಂಟಂಟಾಗಿ ಸಿಪ್ಪೆ ಏಳತ್ತೆ, ಮಂಗಳೂರು ಕಡೆ ಇರೋರು ಬ್ಯಾಗನ್ನ ಕಪಾಟಲ್ಲಿ ಮುಚ್ಚಿಡದೆ ಆಗಾಗ ಗಾಳಿಗೆ ಹಾಕ್ಬೇಕು.

ಇನ್ನೊಂದು ಮುಖ್ಯ ವಿಷಯ, ಬ್ಯಾಗ್ ಎಷ್ಟೇ ಚೆನ್ನಾಗಿದ್ರೂ ಲ್ಯಾಪ್‌ಟಾಪ್ ಬರೀ ಮುಚ್ಚಳ ಮುಚ್ಚಿ ಒಳಗೆ ಹಾಕ್ಬೇಡಿ. ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಸ್ಲೀಪ್ ಅಂದ್ರೆ ಪೂರ್ತಿ ನಿದ್ದೆ ಅಲ್ಲ, ಮಾಡರ್ನ್ ಸ್ಟ್ಯಾಂಡ್‌ಬೈ ಅಂತ, ಅಪ್‌ಡೇಟ್‌ಗೋ ಮೇಲ್‌ಗೋ ಮಧ್ಯೆ ಎಚ್ಚರ ಆಗತ್ತೆ, ಗಾಳಿ ಆಡದ ಬ್ಯಾಗ್‌ನಲ್ಲಿ ಕಾದು ಹೋಗತ್ತೆ, ಬ್ಯಾಟರಿ ಆಯಸ್ಸೂ ಕಮ್ಮಿ ಆಗತ್ತೆ. ಹೊರಡೋ ಮುಂಚೆ ಶಟ್‌ಡೌನ್ ಮಾಡಿ, ಇಲ್ಲಾ ಹೈಬರ್ನೇಟ್ (ತೆರೆದ ಕೆಲಸ ಉಳಿಸ್ಕೊಂಡು ಆಫ್ ಆಗೋದು) ಆದ್ರೂ ಮಾಡಿ.

ಬ್ಯಾಗ್ ಹಳೇದಾಯ್ತು ಅಂತ ಎಸೆಯೋ ಮುಂಚೆ ಏರಿಯಾದಲ್ಲಿ ಬ್ಯಾಗ್ ರಿಪೇರಿಯವ್ರಿಗೆ ತೋರಿಸಿ. ಜಿಪ್ಪು ಹಾಕಿದ್ರೂ ಹಿಂದೆ ಬಾಯಿ ಬಿಟ್ಕೊಳತ್ತೆ ಅಂದ್ರೆ ಸಾಮಾನ್ಯವಾಗಿ ಹೋಗಿರೋದು ರನ್ನರ್ (ಹಿಡಿದು ಎಳೆಯೋ ತುಂಡು) ಮಾತ್ರ, ಹಲ್ಲು ಸರಿಯಾಗೇ ಇರತ್ತೆ, ರನ್ನರ್ ಬದಲಾಯಿಸೋದು ಸಣ್ಣ ಖರ್ಚು. ಪಟ್ಟಿ ಬುಡದಲ್ಲಿ ಹೊಲಿಗೆ ಬಿಚ್ಚೋಕೆ ಶುರುವಾದಾಗ್ಲೇ ಕೊಟ್ರೆ ಚೌಕ ಹೊಡೆದು ಮಧ್ಯೆ ಅಡ್ಡಡ್ಡ ಎರಡು ಹೊಲಿಗೆ ಹಾಕಿ ಕೊಡ್ತಾರೆ, ಹೊಸದಕ್ಕಿಂತ ಗಟ್ಟಿ ಇರತ್ತೆ. ಕಿತ್ತು ಬಂದ ಮೇಲೆ ತಗೊಂಡು ಹೋದ್ರೆ ಬಟ್ಟೇನೂ ಹರಿದಿರತ್ತೆ, ಆಗ ಅವ್ರೂ ಏನೂ ಮಾಡೋಕಾಗಲ್ಲ.