ಮಾಸ್ತರರು ವಾಲಿಸಿದ ಗೋಳ

ಭೂಗೋಳದ ಮಾಸ್ತರರು ತೀರಿಕೊಂಡ ಸುದ್ದಿ ಜರ್ಮನಿಯ ಹ್ಯಾಂಬರ್ಗಿಗೆ ಬಂದು ಮುಟ್ಟಿದಾಗ ಕಣ್ಣಮುಂದೆ ಬಂದದ್ದು ನಮ್ಮ ಶಾಲೆಯ ಗೋಳ. ಶಿರಸಿಯ ಮಳೆಗಾಲ. ಅಂಗಳದಲ್ಲಿ ಆಡುವ ಹಾಗಿಲ್ಲ. ಒಂಬತ್ತನೇ ತರಗತಿ ಹುಡುಗರು ಗೋಳವನ್ನೇ ಚೆಂಡು ಮಾಡಿ ಒಡೆದರು. ಮಾಸ್ತರರು ಬೆತ್ತ ಮುಟ್ಟಲಿಲ್ಲ. ಮೈದಾ ಅಂಟು ಕಾಯಿಸಿ ತರಿಸಿದರು, ಹಳೇ ಪತ್ರಿಕೆ ಹಚ್ಚಿಸಿದರು, ಕೋನಮಾಪಕ ಹಿಡಿದು ಅಕ್ಷ 23½ ಡಿಗ್ರಿ ವಾಲುವವರೆಗೂ ಅವರಿಂದಲೇ ತಂತಿ ಬಗ್ಗಿಸಿದರು. "ನೆಟ್ಟಗೆ ನಿಲ್ಲಿಸಿದ್ರೆ ಚಳಿಗಾಲ ಎಲ್ಲಿಂದ ಬರ್ತದ್ರೋ?"

ಜರ್ಮನಿಗೆ ಓದಲು ಹೊರಟವರಿಗೆ ಮೊದಲು ಬೇಕಾದದ್ದು ಆ ವಾಲಿಕೆಯ ಲೆಕ್ಕವೇ. ಡಿಸೆಂಬರ್ ಕೊನೆಗೆ ಶಿರಸಿಯಲ್ಲಿ 11 ಗಂಟೆಗೂ ಮಿಕ್ಕಿ ಹಗಲು, ಹ್ಯಾಂಬರ್ಗಿನಲ್ಲಿ ಸುಮಾರು 7½. ಪರದೇಶದ ಹೊಸ ಬದುಕು ಕೊಡುವ ಆಘಾತಕ್ಕೆ (ಕಲ್ಚರ್ ಶಾಕ್) ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ 1960ರಲ್ಲಿ ನಾಲ್ಕು ಘಟ್ಟ ಹೇಳಿದ್ದಾರೆ: ಹೊಸತರ ಮೋಹ, ಸಿಟ್ಟು, ಚೇತರಿಕೆ, ಹೊಂದಿಕೆ. ಅಕ್ಟೋಬರಿನಲ್ಲಿ ಕಾಲೇಜು ಸೇರಿದವರಿಗೆ ಸಿಟ್ಟೂ ಕತ್ತಲೂ ಒಟ್ಟಿಗೇ ಬರುವುದುಂಟು. ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯಲೇಬೇಕು.

ಇನ್ನು ಬೂಷ್ಟು. ನಮ್ಮಲ್ಲಿ ಆಷಾಢದ ಗಾಳಿಯೇ ಒದ್ದೆ, ಕಿಟಕಿ ಮುಚ್ಚುತ್ತೇವೆ. ಅಲ್ಲಿ ತಿರುಗಾಮುರುಗಾ. ಚಳಿಗಾಲದ ಹೊರಗಿನ ಗಾಳಿಯಲ್ಲಿ ನೀರಿನಂಶ ಕಡಿಮೆ; ಅನ್ನದ ಹಬೆ, ಸ್ನಾನದ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಎಲ್ಲ ತಣ್ಣನೆಯ ಗೋಡೆಮೂಲೆಯಲ್ಲಿ ಹನಿಯಾಗಿ ಕೂತು ಕಪ್ಪಗಾಗುತ್ತದೆ. ದಿನಕ್ಕೆ ಎರಡು-ಮೂರು ಸಲ ಹೀಟರ್ ಆರಿಸಿ, ಕಿಟಕಿ ಪೂರ್ತಿ ತೆರೆದು, 5–10 ನಿಮಿಷ ಬಿಟ್ಟು ಮುಚ್ಚಬೇಕು. ದಿನವಿಡೀ ಒಂದು ಸಂದು ಬಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಹೆಚ್ಚುತ್ತದೆ. ಕಪಾಟನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ಮನೆಯೊಡೆಯ ಕಿಟಕಿಯ ಮಾತನ್ನೇ ಮತ್ತೆ ಮತ್ತೆ ಎತ್ತುವುದು ಇದಕ್ಕೇ, ನಿಮ್ಮ ಮೇಲಿನ ಅಸಡ್ಡೆಯಿಂದಲ್ಲ. ಇಂಥ ಕಾರಣ ಹುಡುಕಲು ಶುರುಮಾಡಿದವರು ಮೂರನೇ ಘಟ್ಟಕ್ಕೆ ಕಾಲಿಟ್ಟಂತೆ.

ಉಳಿದದ್ದು ಸಣ್ಣದು. ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ, ಅದಕ್ಕೆ ಮನೆಯೊಡೆಯರ ಪತ್ರ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಹಾಲು-ಅಕ್ಕಿ ಶನಿವಾರವೇ ತನ್ನಿ. ರಾತ್ರಿ 10ರ ಮೇಲೆ ಮಿಕ್ಸರ್ ಬೇಡ.

ಈಗ ಶಾಲೆಗಳಲ್ಲಿ ಪರದೆಯ ಮೇಲೆ ಭೂಮಿ ತಾನೇ ತಿರುಗುತ್ತದಂತೆ. ಅದು ಒಡೆಯುವುದೂ ಇಲ್ಲ, ಅಂಟು ಹಚ್ಚುವ ಕೆಲಸವೂ ಮಕ್ಕಳಿಗಿಲ್ಲ. ಅದೊಂದು ಬೇಸರ. ಹಿಂದೂ ಮಹಾಸಾಗರದ ಮೇಲೆ ಪತ್ರಿಕೆಯ ಅಕ್ಷರ ಕಾಣುವ ನಮ್ಮ ಗೋಳ ಶಾಲೆಯ ಕಪಾಟಿನಲ್ಲಿ ಇನ್ನೂ ಇದ್ದರೆ, ದಯವಿಟ್ಟು ಹೊರಗೆ ತೆಗೆದು ಮಕ್ಕಳ ಕೈಗೆ ಕೊಡಿ.